ಎಡಗಾಲಿನ ಅಳತೆ

ಒದ್ದೆ ಬಟ್ಟೆಯಿಂದ ಅಪ್ಪನ ಬಲಗಾಲು ಒರೆಸಿ ಎಡಗಾಲಿಗೆ ಬಂದ ಮಗಳು ಕೈ ಹಿಂದೆಗೆದಳು. ಮೊಣಕಾಲಿನ ಕೆಳಗೆ ಕಾಲು ದಿಂಬಿನ ಹಾಗೆ ಊದಿತ್ತು. ಜೀವ ಹೋದರೂ ಊತ ಹೋಗಿರಲಿಲ್ಲ.

"ಒರೆಸಮ್ಮ, ಇದೇನು ಹೊಸದಾ? ನಮ್ಮನೆ ಕಾಲೇ ಹಾಗೆ," ಎಂದಳು ಸೋದರತ್ತೆ.

ಅಪ್ಪ ಚಪ್ಪಲಿ ಹೊಲಿಯುವವನು. ಗಿರಾಕಿಗಳಿಗೆ ಎರಡೂ ಪಟ್ಟಿ ಒಂದೇ ಉದ್ದ. ಮನೆಯವರಿಗೆ ಮಾತ್ರ ಎಡಗಾಲಿನದನ್ನು ಉದ್ದ ಬಿಟ್ಟು, ಒಂದು ತೂತು ಹೆಚ್ಚಿಗೆ ಹೊಡೆಯುತ್ತಿದ್ದ. ಅಜ್ಜಿಯ ಎಡಗಾಲು ಊದುತ್ತಿತ್ತು, ದೊಡ್ಡಪ್ಪನದೂ. ಇಬ್ಬರೂ, ಬೇರೆ ಬೇರೆ ವರ್ಷ, ಮಾತಾಡುತ್ತ ಕೂತಿದ್ದವರು ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಕಾಲಿಗೂ ಸಾವಿಗೂ ಯಾರೂ ನಂಟು ಹುಡುಕಲಿಲ್ಲ. ಈಗಲೂ ಹೊರಗೆ ಕೂತವರು, ಪುಣ್ಯವಂತ, ನರಳದೆ ಹೋದ ಎನ್ನುತ್ತಿದ್ದರು. ಕೇಳಿ ಮಗಳಿಗೆ ಮೈಯೆಲ್ಲ ಉರಿಯಿತು.

ನಿನ್ನೆ ಡಾಕ್ಟರು ಬಿಡಿಸಿ ಹೇಳಿದ್ದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತ್ತು. ಇದು ವಂಶದಲ್ಲೇ ಇರುವ ದೋಷವಿರಬೇಕು, ಹೆತ್ತವರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು, ಬಸುರಿಯರಿಗೆ ಅಪಾಯ ಹೆಚ್ಚು, ಬೇಗ ಪರೀಕ್ಷೆ ಮಾಡಿಸಿಕೊಳ್ಳಿ ಎಂದಿದ್ದರು. ಅವಳಿಗೆ ಆರು ತಿಂಗಳು.

"ಆ ಡಾಕ್ಟರ ಮಾತು ಇಲ್ಲಿ ಎತ್ತಬೇಡ," ಅತ್ತೆ ಪಿಸುಗುಟ್ಟಿದಳು. "ನನ್ನ ಮಗಳಿಗೆ ಗಂಡು ನೋಡ್ತಿದೀವಿ. ರಕ್ತಾನೇ ಸರಿಯಿಲ್ಲ ಅಂದ್ರೆ ಯಾರು ಒಪ್ತಾರೆ?"

*

ಕಳೆದ ತಿಂಗಳು ಅಪ್ಪ ಅವಳನ್ನು ಅಂಗಡಿಯ ಮಣೆಯ ಮೇಲೆ ಕೂರಿಸಿ ಹೊಸ ಚಪ್ಪಲಿ ತೊಡಿಸಿದ್ದ. ತುಟಿಗಳ ನಡುವೆ ಮೊಳೆ, ಕೈಯಲ್ಲಿ ಉಳಿ.

"ಎಡಗಾಲಿಂದು ಸಡಿಲ ಆಯ್ತಪ್ಪ. ನಂದೇನು ಆನೆ ಕಾಲಾ?"

ಅಪ್ಪ ಮೊಳೆ ಉಗಿದು ನಕ್ಕ. "ಇರ್ಲಿ ಬಿಡು ಪುಟ್ಟಿ. ಮುಂದೆ ಬೇಕಾಗುತ್ತೆ."

*

ಹೆಣ ಎತ್ತಿದರು. ಎಲ್ಲರೂ ಎದ್ದರು. ಬಾಗಿಲಲ್ಲಿ ಅವಳು ಅದೇ ಚಪ್ಪಲಿಗೆ ಕಾಲು ತೂರಿಸಿದಳು. ಬಲಗಾಲಿನದು ಸರಿಯಾಗಿ ಕೂತಿತು. ಎಡಗಾಲಿನ ಪಟ್ಟಿ ಎಷ್ಟು ಎಳೆದರೂ ಕೊನೆಯ ತೂತಿಗೂ ಮುಟ್ಟಲಿಲ್ಲ. ಬೆಳಿಗ್ಗೆಯಿಂದ ಮೀನಖಂಡ ಸೆಳೆಯುತ್ತಿತ್ತು. ನಿಂತೂ ನಿಂತೂ ಹೀಗಾಗಿದೆ ಅಂದುಕೊಂಡಿದ್ದಳು.

"ಹೊಟ್ಟೆ ಹೊತ್ತು ಬಗ್ಗಬೇಡ, ತಾ ಇಲ್ಲಿ," ಎಂದು ಅತ್ತೆ ಕೆಳಗೆ ಕೂತಳು. ಪಟ್ಟಿ ಎಳೆದಳು. ಹೆಬ್ಬೆರಳಿನಿಂದ ಕಾಲು ಒತ್ತಿ ನೋಡಿದಳು. ಗುಳಿ ಬಿದ್ದದ್ದು ಮೇಲೇಳಲಿಲ್ಲ.

"ಅತ್ತೆ, ನಂಗೆ ಭಯ ಆಗ್ತಿದೆ."

ಅತ್ತೆ ತಲೆಯೆತ್ತಿ, ಹೆಣದ ಹಿಂದೆ ಹೊರಟವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳು: "ಗಾಡಿ ತರಿಸ್ರೋ. ಇವಳಿಗೂ ಅದೇ ರಕ್ತ. ಮೊದಲು ಆಸ್ಪತ್ರೆಗೆ."

ಗಾಡಿ ಬಂತು, ಅವಳು ಒಂದೇ ಚಪ್ಪಲಿಯಲ್ಲಿ ಹತ್ತಿ ಕೂತಳು. ಅತ್ತೆ ತನ್ನ ಮಗಳನ್ನು ಹತ್ತಿರ ಕರೆದಳು. ಅವಳ ಮುಂದೆ ಕೂತು, ಎಡಗಾಲಿನ ಪಟ್ಟಿ ಬಿಚ್ಚತೊಡಗಿದಳು.