ಬೇಕರಿಯವನ ಸೊಂಟದಳತೆ

ಮಾರ್ಚ್ ಏಳು, ಶುಕ್ರವಾರ. ಅಂಗಳದಲ್ಲಿ ಮೂವತ್ತೊಂದು ಕುರ್ಚಿಗಳಿದ್ದವು. ಮೂವತ್ತೆರಡನೆಯದನ್ನು ಸೋದರಮಾವ ಬಿಡಿಸುತ್ತಿದ್ದಾಗ ಬೇಕರಿಯವನು ಬಂದು, ಜೇಬಿನಿಂದ ಬಟ್ಟೆಚೀಲವೊಂದನ್ನು ಹೊರತೆಗೆದನು.

“ಏನಯ್ಯಾ ಅದು?”

“ಡಿಸ್ಕು, ಮಾವ. ಇವತ್ತು ಶುಕ್ರವಾರ ಅಲ್ವಾ?”

“ನಮ್ಮ ಹುಡುಗೀನ ಈಗ ತಾನೇ ಮಣ್ಣು ಮಾಡಿ ಬಂದಿದೀವಿ. ನಿನಗೆ ಹೊತ್ತುಗೊತ್ತು ಬೇಡ್ವಾ?”

“ಅಕ್ಕನೇ ಹೇಳಿದ್ದು. ‘ನಾನೇ ಸತ್ರೂ ಶುಕ್ರವಾರ ತಪ್ಪಿಸಬೇಡ’ ಅಂತ.”

ಮೂಲೆಯಲ್ಲಿದ್ದ ಕ್ಷೌರಿಕನು ತಲೆ ಎತ್ತಿದನು. “ಹಾಗಾದ್ರೆ ಸೊಂಟಾನೂ ಅಳೀಬೇಕಲ್ಲ!”

ಬೆಳಗಿನಿಂದ ಬಿಗಿದುಕೊಂಡಿದ್ದ ಅಂಗಳವೆಲ್ಲ ನಕ್ಕಿತು. ಸೋದರಮಾವನೊಬ್ಬನಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ.

ತೀರಿಹೋದವಳು ದರ್ಜಿ. ಅವಳ ತಂಗಿ ಅಂಗಳದಂಚಿನ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದಳು. ಬರುವ ಸೋಮವಾರದಿಂದ ಅಂಗಡಿ ಅವಳೊಬ್ಬಳದೇ. ಬೀದಿಯವರೆಲ್ಲರ ಅಳತೆಗಳು ಅಂಗಡಿಯ ಕಂಪ್ಯೂಟರಿನಲ್ಲಿದ್ದವು. ಹೊಲಿಗೆ ಅವಳಿಗೆ ಬರುತ್ತಿತ್ತು. ಶುಕ್ರವಾರ ಶುಕ್ರವಾರ ಆ ಅಳತೆಗಳ ನಕಲು ತೆಗೆದಿಡುವ ಡಿಸ್ಕನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಅಕ್ಕನಿಲ್ಲದೆ ಅದು ನಡೆಯುತ್ತದೆಯೇ?

*

ಹಿಂದೊಮ್ಮೆ ಆ ಕಂಪ್ಯೂಟರು ಕೆಟ್ಟುಹೋಗಿತ್ತು. ಡಿಸ್ಕಿನಲ್ಲಿ ನಕಲಿದೆಯೆಂದು ಅಕ್ಕ ನಿಶ್ಚಿಂತಳಾಗಿದ್ದಳು. ತೆರೆದು ನೋಡಿದರೆ ಡಿಸ್ಕು ಖಾಲಿ. ಸಿಕ್ಕಿಸಿದ್ದ ಡಿಸ್ಕು ಮೌಂಟ್ ಆಗಿರಲೇ ಇಲ್ಲ, ಎಂದರೆ ಯಂತ್ರವು ಅದನ್ನು ತನಗೆ ಜೋಡಿಸಿಕೊಂಡಿರಲೇ ಇಲ್ಲ. ಅದಕ್ಕೆಂದು ತನ್ನಲ್ಲೇ ಮೀಸಲಿಟ್ಟ ಬರಿಯ ಫೋಲ್ಡರಿನೊಳಕ್ಕೆ ಯಂತ್ರವು ತನ್ನ ನಕಲನ್ನು ತಾನೇ ತುಂಬಿಕೊಳ್ಳುತ್ತ, ಪ್ರತಿವಾರವೂ ‘ಮುಗಿಯಿತು’ ಎಂದು ವರದಿ ಮಾಡುತ್ತಿತ್ತು.

ಅಕ್ಕ ಬಾಗಿಲ ಮೇಲೆ ಬರೆದು ಹಾಕಿದಳು: ‘ಎಲ್ಲರೂ ಮತ್ತೆ ಅಳತೆ ಕೊಡತಕ್ಕದ್ದು. ಉಸಿರು ಬಿಗಿಹಿಡಿಯಕೂಡದು.’ ಆ ವಾರವೆಲ್ಲ ಅಂಗಡಿಯಲ್ಲಿ ಜಾತ್ರೆಯಂಥ ಗದ್ದಲ.

ಆಮೇಲೆ ಅವಳು ಕಂಪ್ಯೂಟರನ್ನು ನಡೆಸುವ ಲಿನಕ್ಸಿಗೆ ಹೊಸ ಪಾಠ ಕಲಿಸಿದಳು. ಡಿಸ್ಕನ್ನು ಸಿಕ್ಕಿಸಿದೊಡನೆ ಅದರ ಗುರುತು ಹಿಡಿಯಬೇಕು. ತಾನೇ ಮೌಂಟ್ ಮಾಡಬೇಕು. ಮೌಂಟ್ ಆಗದಿದ್ದರೆ ಒಂದಕ್ಷರವನ್ನೂ ಬರೆಯಬಾರದು. ನಕಲು ಮುಗಿದ ಮೇಲೆ ದೀಪ ಆರಿಸಿ ಡಿಸ್ಕನ್ನು ತಾನೇ ಬಿಟ್ಟುಕೊಡಬೇಕು. ಕೀಲಿಯನ್ನು ಯಾರೂ ಒತ್ತತಕ್ಕದ್ದಲ್ಲ. ಡಿಸ್ಕಿನ ವಾಸ ಬೇಕರಿಯಲ್ಲಿ. ಅಂಗಡಿಗೆ ಬೆಂಕಿ ಬಿದ್ದರೂ ನಕಲು ಉಳಿಯಬೇಕಲ್ಲ.

ಯಂತ್ರದ ಮಾತನ್ನು ಮಾತ್ರ ಅವಳು ಮತ್ತೆಂದೂ ನಂಬಲಿಲ್ಲ. ಡಿಸ್ಕನ್ನು ಬೇರೊಂದು ಯಂತ್ರದಲ್ಲಿ ತೆರೆದು, ನಕಲು ಆ ವಾರದ್ದೇ ಎಂದು ಕಣ್ಣಾರೆ ನೋಡುತ್ತಿದ್ದಳು; ಆ ಸಾಕ್ಷಿಗೆ ವಾರಕ್ಕೊಂದು ಹೊಸ ಅಂಕಿ ಬೇಕಾಗಿತ್ತು. ಡಿಸ್ಕು ತರುವವನೇ ಎದುರಿಗಿದ್ದನು.

“ಕೈ ಎತ್ತು.”

“ನಂದೇ ಯಾಕಕ್ಕಾ?”

“ವಾರವಾರ ಬದಲಾಗೋದು ಈ ಬೀದೀಲಿ ಅದೊಂದೇ ಕಣೋ. ಒಂದೇ ಒಂದು ವಾರ ಇಳಿಸಿ ತೋರಿಸು, ಕೋಟು ಹೊಲಿದುಕೊಡ್ತೀನಿ.”

ಅಂಕಿ ಏರುತ್ತಲೇ ಹೋಯಿತು. ಕೋಟಿನ ಕಂದು ಬಟ್ಟೆ ಮೇಲಿನ ಹಲಗೆಯಲ್ಲೇ ಉಳಿಯಿತು.

*

“ಕೈ ಎತ್ತು,” ಎಂದಳು ತಂಗಿ.

ಬೇಕರಿಯವನು ಕೈ ಎತ್ತಿದನು. ಕುರ್ಚಿ ಬಿಟ್ಟು ಎದ್ದವರೆಲ್ಲ ಅಂಗಡಿಯ ಬಾಗಿಲಿಗೆ ಮುತ್ತಿದರು. ಅವಳು ಟೇಪನ್ನು ಸುತ್ತಿ ನೋಡಿದಳು. ಬಿಚ್ಚಿ, ಮತ್ತೆ ಸುತ್ತಿದಳು.

“ನಲವತ್ತೆರಡೂವರೆ.”

“ಹೋದ ವಾರ?” ಎಂದನು ಕ್ಷೌರಿಕ.

“ನಲವತ್ಮೂರು.”

“ಉಸಿರು ಹಿಡಿದಿದಾನೆ, ಕಳ್ಳ!”

“ಇಲ್ಲ ಮಾರಾಯ,” ಎಂದನು ಬೇಕರಿಯವನು, ನೆಲ ನೋಡುತ್ತ. “ಬುಧವಾರದಿಂದ ಏನೂ ಸೇರಿಲ್ಲ.”

ತಂಗಿ ಅಂಕಿಯನ್ನು ಕಂಪ್ಯೂಟರಿನಲ್ಲಿ ಬರೆದು, ಡಿಸ್ಕನ್ನು ಸಿಕ್ಕಿಸಿ, ಎರಡು ಕೈಗಳನ್ನೂ ಬೆನ್ನಿಗೆ ಕಟ್ಟಿಕೊಂಡು ನಿಂತಳು. ಡಿಸ್ಕಿನ ದೀಪ ಹತ್ತಲಿಲ್ಲ. ಅವಳ ಬೆರಳು ಕೀಲಿಯ ಕಡೆ ಸರಿಯಿತು.

“ಮುಟ್ಟಬೇಡ. ಅದಕ್ಕೂ ಸ್ವಲ್ಪ ಯೋಚನೆ ಮಾಡೋಕೆ ಬಿಡು ಅಂತಿದ್ಳು ಅಕ್ಕ,” ಎಂದನು ಬೇಕರಿಯವನು.

ದೀಪ ಮಿನುಗಿತು, ಬಹಳ ಹೊತ್ತು ಮಿನುಗಿ, ಆರಿತು. ತಂಗಿ ಡಿಸ್ಕನ್ನು ಕಿತ್ತು ಅಡುಗೆಮನೆಗೆ ಓಡಿದಳು. ಅಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬೇಕರಿಯವನ ಸಾಲನ್ನು ತೆರೆದಳು. ಆ ದಿನದ ತಾರೀಖು. ಅದರ ಮುಂದೆ ನಲವತ್ತೆರಡೂವರೆ.

“ಬಂದಿದೆ!” ಎಂದು ಅವಳು ಕೂಗಿದ್ದು ಅಂಗಳದಾಚೆಗೂ ಕೇಳಿಸಿತು. ಸೋದರಮಾವನು ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದನು.

ಅವಳು ಮರಳಿ ಬಂದು, ಸ್ಟೂಲು ಹತ್ತಿ ಕಂದು ಬಟ್ಟೆಯನ್ನು ಇಳಿಸಿ, ಧೂಳು ಕೊಡವಿ ಮೇಜಿನ ಮೇಲೆ ಹರಡಿದಳು.

“ತೋಳು, ಎದೆ ಎಲ್ಲಾ ಅಳೀಬೇಕಾ?” ಬೇಕರಿಯವನು ಮತ್ತೆ ಕೈ ಎತ್ತಿದನು.

“ಕೈ ಇಳಿಸು. ಅಕ್ಕ ಎಲ್ಲಾ ಬರೆದಿಟ್ಟಿದಾಳೆ,” ಎಂದು ಅವಳು ಡಿಸ್ಕನ್ನು ಚೀಲಕ್ಕೆ ಹಾಕಿ ಅವನ ಜೇಬಿಗಿಳಿಸಿದಳು. ಸೀಮೆಸುಣ್ಣದ ಬಿಲ್ಲೆ ಬಟ್ಟೆಯ ಮೇಲೆ ಮೊದಲ ಗೆರೆ ಎಳೆಯಿತು.