ನೀಲಿಯೂ ಅಲ್ಲ, ಹಸಿರೂ ಅಲ್ಲ

ಅಂದು ಬೆಳಿಗ್ಗೆ ನನ್ನ ಮಗಳು ಇಮೇಶಾ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು.

"ಅಪ್ಪಾ, ಇವತ್ತೊಂದು ದಿನ ನಿಮ್ಮ ಕಸುಬಿನ ಮಾತು ಎತ್ತಬೇಡಿ. ತಿಲಿನನ ಅಪ್ಪ ಒಪ್ಪಿದ್ರೆ ಮದುವೆ, ಇಲ್ಲಾಂದ್ರೆ ಇಲ್ಲ. ನೀವು ಸುಮ್ನೆ ನಗ್ತಾ ಕೂತಿರಿ, ಸಾಕು."

ಆಗಲಿ ಎಂದೆ. ಸುಳ್ಳು ಹೇಳಿದೆ ಎಂದು ಯಾರೂ ತಿಳಿಯಬಾರದು. ಆ ಹೊತ್ತಿನಲ್ಲಿ ನನಗೆ ನನ್ನ ಮೇಲೆ ನಿಜವಾಗಿಯೂ ನಂಬಿಕೆಯಿತ್ತು. ಮೀಸೆಗೆ ಕಪ್ಪು ಹಚ್ಚಿಕೊಂಡು, ಬಿಳಿ ಸರೋಂಗು ಉಟ್ಟು, ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಕೂಡ ಮಾಡಿದೆ.

ನಾನು ಗುಣಸೋಮ. ಕುರುಣೇಗಲ ಪೇಟೆಯ ಆನೆಬಂಡೆ ಎಂಬ ಗುಡ್ಡದ ಬುಡದಲ್ಲಿ ಮನೆ, ಮನೆಯ ಮುಂದೆಯೇ ಶೆಡ್ಡು. ಮೂವತ್ತು ವರ್ಷದಿಂದ ಕಾರುಗಳ ಏಸಿ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಹೊರದೇಶದಿಂದ ಹೊಸ ಕಾರು ತರಿಸುವುದನ್ನು ಸರ್ಕಾರ ನಿಲ್ಲಿಸಿದ ಮೇಲಂತೂ ನಮ್ಮೂರಿನಲ್ಲಿ ಯಾವ ಮುದಿ ಕಾರಿಗೂ ಸಾವಿಲ್ಲ. ಅಂಥ ಕಾರು ಶೆಡ್ಡಿಗೆ ಬಂದಾಗ ಮೊದಲು ತಿಳಿಯಬೇಕಾದದ್ದು ಒಂದೇ: ತಂಪು ಮಾಡಲು ಒಳಗೆ ತುಂಬಿರುವುದು ಹಳೇ ಜಾತಿಯ ಗ್ಯಾಸೋ ಹೊಸ ಜಾತಿಯ ಗ್ಯಾಸೋ? ತಿಳಿಯದೆ ಒಂದರ ಮೇಲೆ ಇನ್ನೊಂದು ತುಂಬಿದರೆ ಕಂಪ್ರೆಸರ್ ಕೆಟ್ಟು ಕೂರುತ್ತದೆ. ಬೇರೆ ಮೇಸ್ತ್ರಿಗಳು ಇದನ್ನು ಕಾರಿನ ಯಜಮಾನನನ್ನೇ ಕೇಳಿಬಿಡುತ್ತಾರೆ. ನಾನು ಕೇಳುವವನಲ್ಲ. ಏನು ಕಾಯಿಲೆ ಎಂದು ರೋಗಿಯನ್ನೇ ಕೇಳುವ ವೈದ್ಯ ಯಾವ ಸೀಮೆಯ ವೈದ್ಯ ಎನ್ನುವುದು ನನ್ನ ವಾದ. ವೈದ್ಯರೆಲ್ಲ ಮೊದಲು ಅದನ್ನೇ ಕೇಳುತ್ತಾರೆ ಎನ್ನುವುದು ನನಗೆ ಹೊಳೆದದ್ದು ಆಮೇಲೆ.

ಬೀಗರು ಹೇಳಿದ್ದಕ್ಕಿಂತ ಬೇಗ ಕರಾವಳಿಯ ಚಿಲಾವಿನಿಂದ ಬಂದುಬಿಟ್ಟರು. ವೀಳ್ಯದೆಲೆ ಕೊಟ್ಟು ಮಾತು ಮುಗಿಸಲು ಜೋಯಿಸರು ಇಟ್ಟುಕೊಟ್ಟ ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಹುಡುಗನ ಅಪ್ಪ ಸುಮನಪಾಲ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಬೆನ್ನು ನೆಟ್ಟಗೆ. ಅವರ ಹೆಂಡತಿ ಮಾಲಿನಿ ಬಂದವರೇ ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಕತ್ತು ಒರೆಸಿಕೊಂಡರು. ತಿಲಿನ ನನ್ನ ಮಗಳನ್ನು ನೋಡುವುದೋ ನೆಲ ನೋಡುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದ. ಎಲ್ಲರೂ ಚಹಾ ಕುಡಿದೆವು. ನಾನು ನಕ್ಕೆ. ಬಿಸಿಲು ಜಾಸ್ತಿ ಎಂದು ಎಲ್ಲರೂ ಒಪ್ಪಿಕೊಂಡೆವು. ನಾನು ಮತ್ತೆ ನಕ್ಕೆ.

ಆಗ ಮಾಲಿನಿ ಅಂದರು: "ಕಾರಲ್ಲಿ ಏಸಿ ಅಂತ ಹೆಸರಿಗೆ ಇದೆ. ದಾರಿಯುದ್ದ ಬೆಂದುಹೋದ್ವಿ."

ಇಮೇಶಾ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಿಲ್ಲ. ಆ ಹೊತ್ತಿಗಾಗಲೇ ಎದ್ದು ನಿಂತಿದ್ದೆ.

"ಬಿಡಿ ಮೇಸ್ತ್ರಿ," ಎಂದರು ಸುಮನಪಾಲ. "ಬೆವರಿದ್ರೆ ಮೈಗೆ ಒಳ್ಳೇದೇ."

"ಐದು ನಿಮಿಷದ ಕೆಲಸ ಅಣ್ಣ," ಎಂದೆ. ಬೀಗರು ದಾಕ್ಷಿಣ್ಯಕ್ಕೆ ಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ನನ್ನ ಕೈಚಳಕ ಕಂಡರೆ ಅವರು ಮುಹೂರ್ತಕ್ಕೂ ಕಾಯದೆ ಒಪ್ಪಿಬಿಡುತ್ತಾರೆ ಎಂದು ಕೂಡ ಅಂದುಕೊಂಡೆ. ಇಂಥ ಲೆಕ್ಕಾಚಾರ ನನಗೆ ಬಹಳ ಬೇಗ ಬರುತ್ತದೆ.

ಶೆಡ್ಡಿನ ನೆರಳಿನಲ್ಲಿ ಬಾನೆಟ್ ಎತ್ತಿದೆ. ಎಲ್ಲರೂ ಸುತ್ತ ನಿಂತರು. ಅಡುಗೆಮನೆಯಿಂದ ನನ್ನ ಹೆಂಡತಿ ಸೋಮಲತಾ ಕೂಡ ಕಿಟಕಿಯಲ್ಲಿ ತಲೆ ಹಾಕಿದಳು. ಯಾವ ಗ್ಯಾಸು ಎಂದು ಕಾರ್ಖಾನೆಯವರು ಅಂಟಿಸಿದ ಚೀಟಿ ಇರಬೇಕಾದ ಜಾಗದಲ್ಲಿ ಯಾರೋ ಬಣ್ಣ ಬಳಿದಿದ್ದರು. ಕಂಪ್ರೆಸರ್ ಹಳೇ ಗ್ಯಾಸಿನ ಕಾಲದ್ದು. ಆದರೆ ಗ್ಯಾಸು ತುಂಬುವ ಬಾಯಿಗಳಿಗೆ ಹೊಸ ಗ್ಯಾಸಿನ ಮೂತಿ ಕೂರಿಸಿದ್ದರು. ಒಂದು ಹಳತು ಎನ್ನುತ್ತಿತ್ತು, ಇನ್ನೊಂದು ಹೊಸತು ಎನ್ನುತ್ತಿತ್ತು. ನನಗೆ ಖುಷಿಯೋ ಖುಷಿ. ಸುಲಭದ ಕಾರಾಗಿದ್ದರೆ ನನ್ನ ವಿದ್ಯೆ ತೋರಿಸುವುದು ಎಲ್ಲಿಂದ ಬಂತು?

"ಅಪ್ಪಾ, ಕೊನೇ ಸಲ ಏನು ತುಂಬಿಸಿದ್ರು ಅಂತ ಮಾವನ್ನೇ ಕೇಳಿ," ಎಂದಳು ಇಮೇಶಾ.

ಸುಮನಪಾಲ ಬಾಯಿ ತೆರೆದರು. ಹೆಂಡತಿಯ ಕಡೆ ನೋಡಿದರು. ಬಾಯಿ ಮುಚ್ಚಿದರು.

"ಕೇಳೋದಾದ್ರೆ ನಾನ್ಯಾಕಮ್ಮ ಬೇಕು?" ಎಂದೆ. ತಿಲಿನ ಮಾತ್ರ ನಕ್ಕ, ಪಾಪ.

ಗೇಜ್ ಹಚ್ಚಿದೆ. ಮುಳ್ಳು ಎರಡು ಗ್ಯಾಸಿಗೂ ಸಲ್ಲದಷ್ಟು ಕೆಳಗೆ ನಿಂತಿತು. "ಸೋರಿದೆ. ಅರ್ಧ ಖಾಲಿ," ಎಂದು ಘೋಷಿಸಿದೆ. ಆಗಲೇ ಮೂಗಿಗೆ ಘಾಟು ಬಡಿಯಿತು. ನಾನು ಅಡುಗೆಮನೆಯ ಕಡೆ ತಿರುಗಿ ಗದರಿದೆ.

"ಏನೇ ಇದು ಸೋಮಾ, ಒಲೆ ಗ್ಯಾಸ್ ವಾಸನೆ! ಬೀಗರು ಬಂದಿರೋ ಹೊತ್ತಲ್ಲಿ ಮನೆ ಸುಡ್ತೀಯಾ? ಹೋಗಿ ಆರಿಸು!"

"ಒಲೆ ಹಚ್ಚೇ ಇಲ್ಲವಲ್ರೀ," ಎಂದಳು.

"ಹೋಗಿ ನೋಡು ಅಂದ್ರೆ ನೋಡು!"

ಅವಳು ಹೋದಳು. ಅಷ್ಟು ಒಳ್ಳೆಯ ಮೂಗು ಇಟ್ಟುಕೊಂಡು ಇಷ್ಟು ಕೆಟ್ಟದಾಗಿ ಬಳಸಿಕೊಂಡವನು ಈ ದ್ವೀಪದಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ.

ಆಮೇಲೆ ನನ್ನ ಬ್ರಹ್ಮಾಸ್ತ್ರ ತೆಗೆದೆ. ನನ್ನ ಗುರುಗಳು ಕೊಟ್ಟ ತಾಮ್ರದ ದೀಪ. ಅದಕ್ಕೊಂದು ಉದ್ದನೆಯ ಕೊಳವೆ. ಸೋರುವ ಜಾಗದಲ್ಲಿ ಕೊಳವೆ ಹಿಡಿದರೆ ಅದು ಗಾಳಿ ಎಳೆದುಕೊಳ್ಳುತ್ತದೆ. ಹಳೇ ಗ್ಯಾಸಾದರೆ ಉರಿ ಹಸಿರಾಗುತ್ತದೆ, ಹೊಸದಾದರೆ ನೀಲಿಯಾಗಿಯೇ ಉಳಿಯುತ್ತದೆ. ಈಗಿನ ಹುಡುಗರು ಇದನ್ನು ಮುಟ್ಟುವುದಿಲ್ಲ. ನನಗೆ ಅದರ ಮೇಲೆ ಜೀವ. ದೀಪ ಹಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಸುಮನಪಾಲ ಎರಡು ಹೆಜ್ಜೆ ಹಿಂದೆ ಸರಿದರು. ಭಕ್ತಿಯಿಂದ ಸರಿದರು ಎಂದುಕೊಂಡೆ.

"ಅಣ್ಣಾ, ನೋಡ್ತಾ ಇರಿ. ನೀಲಿಯೋ ಹಸಿರೋ?"

"ಮೇಸ್ತ್ರಿ, ದೀಪ ಬೇಡ!" ಎಂದು ಅವರು ಕೂಗಿದ್ದೂ ನಾನು ಕೊಳವೆ ಹಿಡಿದು ಗ್ಯಾಸು ಬಿಟ್ಟದ್ದೂ ಒಟ್ಟಿಗೇ ಆಯಿತು.

ನೀಲಿಯೂ ಅಲ್ಲ, ಹಸಿರೂ ಅಲ್ಲ. ಹಳದಿ ಉರಿ ಭುಗ್ ಎಂದು ಎದ್ದು ನನ್ನ ಮುಖ ನೆಕ್ಕಿತು. ಯಾರೋ ಚೀರಿದರು, ನಾನೇ ಇರಬೇಕು. ಅಷ್ಟರಲ್ಲಿ ಇಮೇಶಾ ನನ್ನ ಕೈಯ ದೀಪ ಕಿತ್ತು ಅಂಗಳಕ್ಕೆ ಎಸೆದು, ಬಾಗಿಲಲ್ಲಿ ಕಾಲೊರೆಸಲು ನೆನೆಸಿ ಹಾಸಿದ್ದ ಗೋಣಿ ತಂದು ಎಂಜಿನ್ನಿನ ಮೇಲೆ ಹೊದಿಸಿ ಒತ್ತಿ ಹಿಡಿದಳು. ಬೆಂಕಿ ಆರಿತು. ನನ್ನ ಮೀಸೆಯ ಎಡಭಾಗ ಇರಲಿಲ್ಲ. ಹುಬ್ಬುಗಳೂ ಇರಲಿಲ್ಲ. ಬಲಭಾಗದ ಮೀಸೆ ಮಾತ್ರ ಬೆಳಗಿನ ಕಪ್ಪಿನಲ್ಲಿ ಮಿರಿಮಿರಿ ಮಿಂಚುತ್ತಿತ್ತಂತೆ.

ಸೋಮಲತಾ ಓಡಿ ಬಂದು ಮೊದಲು ನನ್ನ ಮುಖ ಮುಟ್ಟಿ ನೋಡಿದಳು. ಜೀವಕ್ಕೇನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಮೂಗರಳಿಸಿದಳು.

"ಇದು ನನ್ನ ಒಲೆಗೆ ಹಾಕೋ ಗ್ಯಾಸೇ ಕಣ್ರೀ. ಕಾರಲ್ಲಿ ಇಟ್ಕೊಂಡು ನನ್ನ ಮೇಲೆ ರೇಗಿದ್ರಲ್ಲ!"

ಮಾಲಿನಿ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಒಲೆ ಗ್ಯಾಸಾ? ಕಾರಿಗೆ?"

ಸುಮನಪಾಲರ ನೆಟ್ಟಗಿನ ಬೆನ್ನು ಮೊದಲ ಸಲ ಬಾಗಿತು.

"ಗ್ಯಾಸಿಗೆ ಊರೆಲ್ಲ ಸಾಲು ನಿಂತಿದ್ದ ವರ್ಷ," ಎಂದರು ಮಾಲಿನಿ. "ಇದ್ದ ಒಂದು ಸಿಲಿಂಡರೂ ಸೋರಿ ಹೋಯ್ತು ಅಂದ್ರಿ ನೀವು."

"ಸೋರಿದ್ದು ನಿಜವೇ ಕಣೇ," ಎಂದರು ಅವರು ಸಣ್ಣ ದನಿಯಲ್ಲಿ. "ಕಾರಲ್ಲಿ ಸೋರಿತು. ತುಂಬಿಸ್ದಾಗಲೆಲ್ಲ ಸೋರಿತು. ಕಾರಿನ ಗ್ಯಾಸು ಎಲ್ಲೂ ಸಿಗ್ತಿರಲಿಲ್ಲ. ನನ್ನ ಸ್ನೇಹಿತ ಒಬ್ಬ, ಇದೂ ನಡೆಯುತ್ತೆ ಅಂದ."

"ತೆಂಗಿನ ಗರಿ ಉರಿಸಿ ಉರಿಸಿ ಆ ಹೊಗೆಗೆ ನನ್ನ ಕಣ್ಣೇ ಹೋಯ್ತು. ನೀವು ತಣ್ಣಗೆ ಪೇಟೆ ಸುತ್ತಿದ್ರಾ?"

"ಅಷ್ಟೇನೂ ತಣ್ಣಗಿರಲಿಲ್ಲ," ಎಂದರು. ಹೇಳಬಾರದಿತ್ತು.

ನಾನು ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟೆ. ಮುಖದ ಉರಿ ದೊಡ್ಡದಲ್ಲ. ಮಗಳು ತನ್ನ ಇಡೀ ಬಾಳಿಗೆ ನನ್ನಿಂದ ಕೇಳಿದ್ದು ಒಂದು ದಿನದ ಮೌನ, ಅದನ್ನೂ ನಾನು ಕೊಡಲಿಲ್ಲ. ಬೀಗರ ಕಾರು ಸುಟ್ಟೆ, ಅವರ ಸಂಸಾರಕ್ಕೂ ಕಿಡಿ ಹಾಕಿದೆ. ಇನ್ನು ಯಾವ ಮುಖ ಇಟ್ಟುಕೊಂಡು ವೀಳ್ಯದೆಲೆ ಹಿಡಿಯಲಿ? ಅಳು ಬಂತು. ಇಮೇಶಾ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆಯಿಂದ ನನ್ನ ಕೆನ್ನೆ ಒತ್ತುತ್ತಿದ್ದಳು. ಒಂದೇ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ರೇಡಿಯೋ ಹೊತ್ತು ಹೇಳಿತು. ಮುಹೂರ್ತ ಬಂದೇಬಿಟ್ಟಿತ್ತು.

ಮಾಲಿನಿ ಅಂಗಳಕ್ಕೆ ಬಂದು ನಮ್ಮ ಮುಂದೆ ನಿಂತರು. ನಾನು ಏಳಲು ಹೋದೆ.

"ನೀವು ಕೂತಿರಿ ಅಣ್ಣ. ನನಗೆ ಮಾತಿರೋದು ಇವಳ ಹತ್ರ." ಮಗಳ ಗಲ್ಲ ಹಿಡಿದು ಎತ್ತಿದರು. "ಕೇಳಿ ಅಂತ ಹೇಳಿದವಳು ನೀನೊಬ್ಬಳೇ ಅಲ್ವಾ? ಇಷ್ಟು ವರ್ಷದಲ್ಲಿ ನಾನೇ ಕೇಳಿರಲಿಲ್ಲ ನೋಡು. ನಮ್ಮನೇಲಿ ಕೇಳೋಕೆ ಒಬ್ಬರು ಬೇಕು ಮಗಳೇ. ಬರ್ತೀಯಾ?"

"ನನ್ನನ್ನ ಕೇಳೋದಿಲ್ವೇನೇ?" ಎಂದರು ಸುಮನಪಾಲ ಹಿಂದಿನಿಂದ.

"ಇಲ್ಲ," ಎಂದರು ಮಾಲಿನಿ.

ಹೀಗೆ ಜೋಯಿಸರು ಹೇಳಿದ್ದಂತೆ ಉತ್ತರ ದಿಕ್ಕಿಗೆ ಮುಖ ಮಾಡಿ, ಅರ್ಧ ಮೀಸೆಯಲ್ಲಿ ನಾನು ವೀಳ್ಯದೆಲೆ ಕೊಟ್ಟೆ. ತಲೆ ತಗ್ಗಿಸಿಕೊಂಡು ಬೀಗರು ತೆಗೆದುಕೊಂಡರು. ಆ ದಿನದ ಫೋಟೊ ಎರಡೂ ಮನೆಯಲ್ಲಿದೆ. ಬಂದವರೆಲ್ಲ ನೋಡಿ ನಗುತ್ತಾರೆ.

ಮದುವೆಯಾಗಿ ಹೊರಡುವ ದಿನ, ಏನು ಬೇಕೋ ಕೇಳು ಎಂದು ಮಗಳಿಗೆ ಅಂದೆ. ಸರವೋ ಬಳೆಯೋ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಶೆಡ್ಡಿಗೆ ಹೋಗಿ ಸೊಟ್ಟಗಾಗಿದ್ದ ತಾಮ್ರದ ದೀಪ ತಂದಳು.

"ಇದು ನನಗಿರಲಿ."

"ನಿನಗ್ಯಾಕಮ್ಮ ಅದು?"

"ಇದು ಇಲ್ಲಿದ್ರೆ ನನಗೆ ಅಲ್ಲಿ ನಿದ್ದೆ ಬರಲ್ಲ ಅಪ್ಪಾ."

ಸೀರೆಗಳ ನಡುವೆ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡಳು. ನಾನು ಏನೂ ಹೇಳಲಿಲ್ಲ. ಅವಳು ಆ ದಿನ ಬೇಡಿದ್ದ ಮೌನ ನನಗೆ ಕೊನೆಗೂ ಬಂದದ್ದು ಆಗ.

ನಿನ್ನೆ ಒಬ್ಬ ಹಳೇ ಕಾರು ತಂದ. ಬಾನೆಟ್ ಎತ್ತಿದೆ. ಅಭ್ಯಾಸಬಲದಿಂದ ಕೈ ದೀಪದ ಗೂಡಿಗೆ ಹೋಯಿತು. ಗೂಡು ಖಾಲಿ. ಆಮೇಲೆ ಗಂಟಲು ಸರಿ ಮಾಡಿಕೊಂಡು ಅವನ ಕಡೆ ತಿರುಗಿ ಕೇಳಿದೆ:

"ಕೊನೇ ಸಲ ಇದಕ್ಕೆ ಏನಪ್ಪಾ ತುಂಬಿಸಿದ್ದು?"