ರೆಕ್ಕೆಯ ಎಮ್ಮೆಯ ಹಣೆಗುರುತು

ನಾನು ಒಂದು ಎಮ್ಮೆ. ಹಾಲು ಕೊಡುವುದಿಲ್ಲ, ಸೆಗಣಿ ಹಾಕುವುದಿಲ್ಲ. ಎರಡು ನೀಲಿ ರೆಕ್ಕೆ ಬಿಚ್ಚಿ ಮೋಡದ ಮೇಲೆ ಹಾರುವುದಷ್ಟೇ ನನ್ನ ಕಸುಬು. ಗದಗಿನ ಓಣಿಯೊಂದರಲ್ಲಿ, ಹಳೆಯ ಪ್ಲೈವುಡ್ ಹಲಗೆಯ ಮೇಲೆ ನನ್ನನ್ನು ಬರೆದವರು ವಿರೂಪಾಕ್ಷಪ್ಪ ಚಿತ್ರಗಾರ. ಹಗಲು ಅವರು ಕ್ಯಾಲೆಂಡರಿಗೆ ದೇವರನ್ನು ಬರೆಯುತ್ತಿದ್ದರು, ಹೊಟ್ಟೆಗಾಗಿ. ಸಂಜೆ ನನ್ನಂಥವರನ್ನು, ಖುಷಿಗಾಗಿ.

ಬಣ್ಣ ಹಸಿಯಿದ್ದಾಗಲೇ ದಸರೆಯ ಖಂಡೇಪೂಜೆ ಬಂತು. ಅವರ ಹೆಂಡತಿ ನೀಲವ್ವ ಕುಂಚ, ಡಬ್ಬಿ, ಏಣಿಗೆಲ್ಲ ಕುಂಕುಮ ಹಚ್ಚುತ್ತ ಬಂದವರು ಅದೇ ಭರದಲ್ಲಿ ನನ್ನ ಹಣೆಗೂ ಒತ್ತಿಬಿಟ್ಟರು. ಬೆರಳಿನ ಗೆರೆಗಳ ಸಮೇತ ಅಚ್ಚು ಮೂಡಿತು.

“ಅಯ್ಯ ನನ್ ಶಿವನ! ಚಿತ್ರ ಕೆಡಿಸಿಬಿಟ್ನಲ್ರೀ!”

“ಕೆಟ್ಟಿಲ್ಲ, ಈಗ ಮುಗೀತು,” ಎಂದು ವಿರೂಪಾಕ್ಷಪ್ಪ ಕುಂಚ ತೊಳೆದರು.

ಕೊಳ್ಳುವವರು ಮಾತ್ರ ಬರಲಿಲ್ಲ. ಚಹಾದಂಗಡಿಯ ಫಕೀರಪ್ಪ ಮೂಗಿನಲ್ಲೇ ಮಾತಾಡುವವ. “ಎಮ್ಮಿ ಹಾರಿ ಹೋದ್ರ ಹಿಂಡಾವ್ರು ಯಾರೋ ಮಾರಾಯಾ?” ಎಂದು ನಕ್ಕು, ಒಲೆಗೆ ಗಾಳಿ ತಡೆಯಲು ನನ್ನನ್ನು ಕೇಳಿ ಒಯ್ದ. ಹಾರುವ ಎಮ್ಮೆಗೆ ಹೊಗೆಯ ಮೋಡವೇ ಗತಿಯಾಯಿತು.

ವಿರೂಪಾಕ್ಷಪ್ಪ ತೀರಿಕೊಂಡರು. ಮರುವರ್ಷ ಬೆಂಗಳೂರಿನ ಪ್ರದರ್ಶನದಲ್ಲಿ ಅವರ ಆನೆತಲೆಯ ಮೀನು ಕಾರಿನ ಬೆಲೆಗೆ ಹೋಯಿತು, ಮುಂದಿನ ಚಿತ್ರ ಮನೆಯ ಬೆಲೆಗೆ. ಉಸಿರು ನಿಂತ ಮೇಲೆ ಹೆಸರು ಓಡತೊಡಗಿತು. ಫಕೀರಪ್ಪ ಮೂಗು ತೆರೆಯುವ ಮೊದಲೇ ನೀಲವ್ವ ನನ್ನನ್ನು ಕಂಕುಳಲ್ಲಿ ಹಿಡಿದು ಮನೆಗೆ ನಡೆದರು. ಬೆನ್ನಲ್ಲೇ ಚಿತ್ರಗಳ ದಲ್ಲಾಳಿ ಸುಮಂತ ಬಂದ.

ಬೆಲ್ಲದಲ್ಲಿ ಅದ್ದಿದಂಥ ದನಿ. “ಅಮ್ಮಾ, ಅದ್ಭುತ! ಆದ್ರೆ ಹಣೇಲೊಂದು ಕಲೆ ಇದೆಯಲ್ಲ, ಅದನ್ನ ಅಳಿಸಿಬಿಟ್ರೆ ಬೆಲೆ ಎರಡು ಪಟ್ಟಾಗುತ್ತೆ.”

ಕಲೆ ತೆಗೆದರೇ ಕಲೆಗೆ ಬೆಲೆಯಂತೆ! ನನ್ನ ರೆಕ್ಕೆ ಉದುರಿದಂತಾಯಿತು.

“ಸತ್ತವರ ಕೈಗೆ ಇಷ್ಟು ಬೆಲೆ ಕಟ್ತೀರಿ, ಬದುಕಿದ ನನ್ನ ಬೆರಳು ಹೊಲಸಾತೇನ್ರೀ?” ಎಂದರು ನೀಲವ್ವ. “ಇದು ಮೂಡಿದ ಮ್ಯಾಲೇ ಅವ್ರು ಮುಗೀತು ಅಂದದ್ದು. ಹಿಂಗಽ ಒಯ್ಯೋದಾದ್ರ ಒಯ್ರಿ. ಅವರ ಹೆಸರಿನ ಕೆಳಗ ನನ್ನ ಹೆಸರೂ ಬರೀರಿ. ಇಲ್ಲಂದ್ರ ಚಹಾ ಕುಡ್ದು ಎದ್ದೇಳ್ರಿ.”

ಸುಮಂತ ಚಹಾ ಕುಡಿದು ಎದ್ದ. ಮತ್ತೆ ಬಂದ, ಮತ್ತೆ ಚಹಾ ಕುಡಿದು ಎದ್ದ. ಮಾಳಿಗೆ ಸೋರಿದಾಗ ನೀಲವ್ವ ತಮ್ಮ ಸೀರೆಯಲ್ಲಿ ನನ್ನನ್ನು ಸುತ್ತಿಟ್ಟರೇ ಹೊರತು ಮಾತು ಬದಲಿಸಲಿಲ್ಲ. ಕೊನೆಗೆ ಸುಮಂತನೇ ಬದಲಿಸಿದ.

ಈಗ ಬೆಂಗಳೂರಿನ ಚಿತ್ರಶಾಲೆಯೊಂದರ ತಣ್ಣನೆಯ ಮೂಲೆಯಲ್ಲಿದ್ದೇನೆ. ಮೈಯೆಲ್ಲ ಬಿರುಕು, ಬೆಲೆ ಮಾತ್ರ ಏರುತ್ತಲೇ ಇದೆ. ಅದರಲ್ಲಿ ಒಂದು ಕಪ್ ಚಹಾ ಕೂಡ ನನ್ನನ್ನು ಬರೆದವರಿಗೆ ಸಿಗಲಿಲ್ಲ. ಎಷ್ಟು ಮೆಲುಕು ಹಾಕಿದರೂ ಇದೊಂದು ನನಗೆ ಜೀರ್ಣವಾಗುವುದಿಲ್ಲ.

ಮೊನ್ನೆ ನೀಲವ್ವ ಬಂದರು. ನೆಟ್ಟಗೆ ನನ್ನ ಹಣೆಗೇ ಬೆರಳಿಟ್ಟರು. ಕಾವಲುಗಾರ ಓಡಿ ಬಂದ. “ಅಜ್ಜೀ, ಮುಟ್ಬಾರ್ದು! ಬೋರ್ಡ್ ಓದಿಲ್ವಾ?”

“ಓದೀನಪಾ.” ನೀಲವ್ವ ನನ್ನ ಪಕ್ಕದ ಹೆಸರುಫಲಕ ತೋರಿಸಿದರು. “ನೀ ಇದನ್ನೂ ಓದು. ಎರಡನೇ ಹೆಸರು, ಜೋರಾಗಿ.”